ಮರುಳಪ್ಪನವರು ಇಂಗ್ಲಿಷು ಕಲಿತದ್ದು

ಹೊಸದಾಗಿ ಮೇಷ್ಟ್ರ ಕೆಲಸಕ್ಕೆ ಸೇರಿದ ಹುಡುಗರು ನನ್ನ ಜಗಲಿಗೆ ಬಂದು ಕೂರುತ್ತಾರೆ. ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುತ್ತಾರೆ: "ಸಾರ್, ಹುಡುಗರು ತಾವಾಗಿಯೇ ಇಂಗ್ಲಿಷ್ ಕಲಿಯೋ ಹಾಗೆ ಮಾಡೋದು ಹೇಗೆ?" ನನಗೆ ರೇಗಿಹೋಗುತ್ತದೆ. ತಾವಾಗಿ ಕಲಿಯಬೇಕು, ನಾವು ಮಾಡಿಸಬೇಕು, ಇದೆಂಥ ಮಾತು! ಎದ್ದು ಜಗಲಿಯ ಉದ್ದಕ್ಕೂ ಓಡಾಡುತ್ತೇನೆ. ಒಂದು ಕಡೆ ಕೂತು ಮಾತಾಡುವುದು ನನ್ನ ಜಾಯಮಾನವಲ್ಲ. ತರಗತಿಯಲ್ಲೂ ಕುರ್ಚಿ ನನ್ನ ಕೋಟನ್ನು ತಗುಲಿಹಾಕುವುದಕ್ಕೆ ಮಾತ್ರ ಇತ್ತು. ಪೆನ್ಷನ್ ಬಂದು ಇಷ್ಟು ಕಾಲವಾದರೂ ಮನಸ್ಸು ಕೂತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾವ ಅಮಲ್ದಾರರು ನನಗೆ ಹಾರ ಹಾಕಿದರು ಅನ್ನುವುದೆಲ್ಲ ನಿಮಗೆ ಬೇಡ. ನನಗೂ ಬೇಡ.

ನನ್ನ ಮೊದಲ ಊರು ಮಾಗಡಿ. ಇಂಗ್ಲಿಷ್ ಸ್ಕೂಲು ಅಂದರೆ ಒಂದು ಉದ್ದನೆಯ ಹೆಂಚಿನ ಮನೆ, ನಡುವೆ ಬಿದಿರಿನ ತಟ್ಟಿ. ಗುಡೇಮಾರನಹಳ್ಳಿ ಕಡೆಯಿಂದ ನಡೆದು ಬರುವ ಹುಡುಗರು ಬುತ್ತಿಯ ಗಂಟನ್ನು ಗೂಟಕ್ಕೆ ನೇತುಹಾಕಿ ಪಾಠಕ್ಕೆ ಕೂರುತ್ತಿದ್ದರು. ಪಾಠ ಮುಗಿಯುವವರೆಗೂ ಅವರ ಕಣ್ಣು ಗಂಟಿನ ಮೇಲೆಯೇ. ಆಗ ನಮ್ಮಲ್ಲಿದ್ದ ಕ್ರಮಕ್ಕೆ 'ಪಾಲು' ಅನ್ನುತ್ತಿದ್ದೆವು. ಇನ್ಸ್‌ಪೆಕ್ಟರ್ ಸಾಹೇಬರು ಸರ್ಕೀಟು ಬರುತ್ತಾರೆಂದು ಗೊತ್ತಾದ ಕೂಡಲೇ, ಅವರು ಕೇಳಬಹುದಾದ ಪ್ರಶ್ನೆಗಳ ಉತ್ತರಗಳನ್ನು ಹುಡುಗರಿಗೆ ಹಂಚಿಬಿಡುವುದು. ಮೊದಲು ಕೂತವನಿಗೆ ಮೊದಲ ಉತ್ತರ, ಪಕ್ಕದವನಿಗೆ ಎರಡನೆಯದು, ಹಾಗೇ ಸಾಲಾಗಿ. ತನ್ನ ಪಾಲಿನದ್ದೊಂದು ಬಾಯಿಗೆ ಬಂದರೆ ಆಯಿತು, ಮಿಕ್ಕಿದ್ದು ಗೊತ್ತಿರಬೇಕಾಗಿಲ್ಲ. ಹೆಡ್‌ಮೇಷ್ಟ್ರು ಹೇಳಿಕೊಟ್ಟ ಕ್ರಮ ಅದು. ಅವರಿಗೆ ಅವರ ಹೆಡ್‌ಮೇಷ್ಟ್ರು ಹೇಳಿಕೊಟ್ಟಿದ್ದರಂತೆ.

ಆ ಸಲ ಸಾಹೇಬರು ಬಂದ ಬೆಳಿಗ್ಗೆ ಎರಡನೆಯ ಸ್ಥಾನದ ಹುಡುಗನಿಗೆ ಚಳಿಜ್ವರ. ಅವನ ಜಾಗ ಖಾಲಿ ಕಾಣಬಾರದೆಂದು ಮಿಕ್ಕವರು ಜರುಗಿ ಕೂತರು. ಸಾಹೇಬರು ಮೊದಲನೆಯವನ ಹೆಸರು ಕೇಳಿದರು, ಹೇಳಿದ. ಎರಡನೆಯವನಿಗೆ, "ನಿಮ್ಮ ತಂದೆ ಏನು ಮಾಡುತ್ತಾರೆ?" ಅಂದರು. ಅವನು ಎದ್ದು ನಿಂತು, ಎದೆ ಉಬ್ಬಿಸಿ, ಇಂಗ್ಲಿಷಿನಲ್ಲಿ ಹೇಳಿದ: "ಹುಲ್ಲು ತಿಂದು ಹಾಲು ಕೊಡುತ್ತಾರೆ!" ಮೂರನೆಯವನಿಗೆ ಬರಬೇಕಾಗಿದ್ದ ಹಸುವಿನ ಉತ್ತರ ಅದು. ಆಮೇಲೆ ಸಾಲು ಪೂರ್ತಿ ಹಾಗೇ ಹೋಯಿತು. ಮಹಾರಾಜರು ಒಂದು ಹಣ್ಣಾದರು, ಮಾವಿನಹಣ್ಣು ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗಿತು. ಸಾಹೇಬರು ನಗಲಿಲ್ಲ, ಬೈಯಲೂ ಇಲ್ಲ. ಹೊರಡುವಾಗ ನನ್ನ ಕಡೆ ತಿರುಗಿ, "ಇವರಿಗೆಲ್ಲ ಇಂಗ್ಲಿಷು ಯಾಕೆ ಬೇಕು ಅಂತ ಯಾವತ್ತಾದರೂ ಕೇಳಿದ್ದೀರಾ?" ಅಂದರು. ಕೇಳಿರಲಿಲ್ಲ. ಆ ಪ್ರಶ್ನೆ ಅವತ್ತಿನಿಂದ ನನ್ನನ್ನು ಕಾಡುವುದಕ್ಕೆ ಶುರುವಾಯಿತು.

ಮಾಗಡಿಯಿಂದ ಕಾನಕಾನಹಳ್ಳಿಗೆ ವರ್ಗವಾಯಿತು. ಈಗ ನೀವು ಕನಕಪುರ ಅನ್ನುತ್ತೀರಲ್ಲ, ಅದೇ. ಅಲ್ಲಿ ಹಾರೋಹಳ್ಳಿ ಕಡೆಯ ಇಬ್ಬರು ಅಣ್ಣತಮ್ಮಂದಿರು ನಾನು ಹೇಳಿಕೊಡದೇ ಇದ್ದ ಇಂಗ್ಲಿಷನ್ನೆಲ್ಲ ಕಲಿತು ಬರುತ್ತಿದ್ದರು. ನನಗೋ ಪರಮಾಶ್ಚರ್ಯ. ಗುಟ್ಟೇನೆಂದು ಬೆನ್ನು ಹತ್ತಿದೆ. ಅವರ ಅಪ್ಪ ಊರಿನ ಪಟೇಲ, ಮಹಾ ಜೋರಿನ ಮನುಷ್ಯ. ಊಟಕ್ಕೆ ಕೂತಾಗ ಅಪ್ಪನ ಎದುರಿಗೇ ಅಪ್ಪನನ್ನು ಬೈದುಕೊಳ್ಳುವುದಕ್ಕೆ ಅವರಿಗೆ ಇಂಗ್ಲಿಷು ಬೇಕಾಗಿತ್ತು! ಆ ಪಟೇಲರು ನನ್ನ ಹತ್ತಿರ ಬಂದು, "ಹುಡುಗ್ರು ಊಟಕ್ಕೆ ಕುಂತ್ರೂ ಪಾಠನೇ ಒಪ್ಪುಸ್ತವೆ ಮೇಷ್ಟ್ರೇ, ಕೇಳೋಕೆ ಕಿವಿಗೆ ತಂಪಾಯ್ತದೆ" ಅಂತ ಒಂದು ಹಲಸಿನಹಣ್ಣು ಕೊಟ್ಟು ಹೋದರು. ನಾನು ನಾಲಗೆ ಕಚ್ಚಿಕೊಂಡು ಹಣ್ಣು ತೆಗೆದುಕೊಂಡೆ.

ಇವು ನಗುವ ಸಂಗತಿಗಳು. ನನ್ನನ್ನು ಇವತ್ತಿಗೂ ಕೂರಲು ಬಿಡದಿರುವುದು ಚನ್ನಪಟ್ಟಣದ್ದು.

ನಾನು ಚನ್ನಪಟ್ಟಣಕ್ಕೆ ಬಂದ ಕಾಲಕ್ಕೆ ಇಲಾಖೆಯಲ್ಲಿ ಡೈರೆಕ್ಟ್ ಮೆಥಡ್ ಅನ್ನುವ ಹೊಸ ಗಾಳಿ ಬೀಸಿತ್ತು. ಕನ್ನಡಕ್ಕೆ ತರ್ಜುಮೆ ಮಾಡಿ ಹೇಳಬಾರದು, ಮಾಡಿ ತೋರಿಸಬೇಕು. ಬಾಗಿಲಿಗೆ ನಡೆಯುತ್ತಾ "ನಾನು ಬಾಗಿಲಿಗೆ ನಡೆಯುತ್ತಿದ್ದೇನೆ" ಅಂತ ಇಂಗ್ಲಿಷಿನಲ್ಲಿ ಹೇಳಬೇಕು. ನಮ್ಮ ಹೆಡ್‌ಮೇಷ್ಟ್ರಿಗೆ ಇದು ಕೋತಿ ಕುಣಿತವಾಗಿ ಕಂಡಿತು. ನನಗೆ ಮಾತ್ರ ಹಬ್ಬ. ಓಡಾಡುವುದಕ್ಕೆ ಸರ್ಕಾರವೇ ಹುಕುಂ ಕೊಟ್ಟ ಮೇಲೆ ಇನ್ನೇನು ಬೇಕು?

ಒಂದು ಸಂಜೆ ಪೇಟೆಯ ಮರುಳಪ್ಪನವರು ಮನೆಗೆ ಬಂದರು. ಬೆಲ್ಲ, ಹುಣಸೆಹಣ್ಣಿನ ಅಂಗಡಿ ಅವರದು. ಹಣೆಯ ತುಂಬಾ ವಿಭೂತಿ, ತೂಕದ ಮನುಷ್ಯ, ನನಗಿಂತ ಎಷ್ಟೋ ಹಿರಿಯರು. ಮಗನೋ ಅಳಿಯನೋ ಓದುವವರಿರಬೇಕು ಅಂದುಕೊಂಡೆ.

"ನನಗೇ ಕಲೀಬೇಕು ಮೇಷ್ಟ್ರೇ, ಇಂಗ್ಲೀಸು" ಅಂದರು.

"ಈ ವಯಸ್ಸಿನಲ್ಲಿ ಯಾಕೆ ಮರುಳಪ್ಪನವರೇ?"

ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಮೊಣಕಾಲ ಮೇಲೆ ಹಾಕಿಕೊಂಡು ಹೇಳಿದರು. ಅವರ ಹೆಂಡತಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಿದ್ದರು, ಬೆಂಗಳೂರಿನ ಹೆಂಗಸರ ಆಸ್ಪತ್ರೆಯೊಂದರಲ್ಲಿ. ಮಗುವೂ ಉಳಿಯಲಿಲ್ಲ. "ದೊರೆಸಾನಿ ಡಾಕ್ಟ್ರಮ್ಮ ನನ್ನ ಕೈ ಇಡ್ಕೊಂಡು ಬಾಳ ಹೊತ್ತು ಮಾತಾಡಿದ್ರು ಮೇಷ್ಟ್ರೇ. ಕಣ್ಣಲ್ಲಿ ನೀರು ಬೇರೆ. ಪಕ್ಕದಲ್ಲಿದ್ದ ಆಯಾ ಎಲ್ಲಾನೂ ಸೇರ್ಸಿ 'ದೇವರ ಚಿತ್ತ ಅಂತಾರೆ' ಅಂದ್ಬುಟ್ಳು. ಅಷ್ಟು ಹೊತ್ತು ಆಡಿದ್ದು ಬರೀ ಇಷ್ಟೇಯಾ? ನನ್ನ ಎಂಡ್ತಿ ಯಾಕೆ ಸತ್ತಳು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ." ಈಗ ಒಬ್ಬಳೇ ಮಗಳು ಗಿರಿಜಮ್ಮ ಬಸುರಿ. ಚೊಚ್ಚಲ ಹೆರಿಗೆ, ತವರಿನಲ್ಲೇ ಆಗಬೇಕು, ಹೊಣೆಯೆಲ್ಲ ಅಪ್ಪನದು. ಸೂಲಗಿತ್ತಿ ಕೈಯಿಟ್ಟು ನೋಡಿ, "ತಾಯಿದೇ ಮೈಕಟ್ಟು, ಕಷ್ಟ ಐತೆ" ಅಂದುಬಿಟ್ಟಿದ್ದಳು.

"ಅದಕ್ಕೆ ನೀವು ಇಂಗ್ಲಿಷು ಕಲಿಯುವುದೇಕೆ? ನಾನೇ ಜೊತೆಗೆ ಬಂದು ಹೇಳುತ್ತೇನಲ್ಲ."

"ನೀವು ಒಳ್ಳೇರು ಮೇಷ್ಟ್ರೇ. ಅದ್ಕೇ ಬ್ಯಾಡ. ಕೆಟ್ಟ ಸುದ್ದಿಯಾದ್ರೆ ನೀವು ಮರೆ ಮಾಡ್ತೀರಿ."

ನನಗೆ ಇದು ಚುಚ್ಚಿತು. ಆದರೂ ಒಂದನೆಯ ರೀಡರ್ ತೆಗೆದು ಶುರುಮಾಡಿದೆ. ಹಸು, ಅದರ ಕೊಂಬು, ಅದರ ಬಾಲ. ಸ್ವಲ್ಪ ಹೊತ್ತು ಕೇಳಿ ಅವರು ಪುಸ್ತಕದ ಮೇಲೆ ಕೈಯಿಟ್ಟರು. "ಹಸು ವಿಚಾರ ನನಗೆ ಗೊತ್ತು. ರಕ್ತಕ್ಕೆ ಏನಂತಾರೆ ಹೇಳಿ. ಹೊಟ್ಟೆ ನೋವಿಗೆ ಏನಂತಾರೆ?" ವ್ಯಾಕರಣವಿಲ್ಲದೆ ಭಾಷೆ ನಿಲ್ಲುವುದಿಲ್ಲ ಅಂತ ನಾನು, ಮಗಳ ದಿನ ಕಾಯುವುದಿಲ್ಲ ಅಂತ ಅವರು. ನನ್ನ ಕೋಪ ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತಿತ್ತು. "ಹಾಗಾದರೆ ನೀವೇ ಕಲಿತುಕೊಳ್ಳಿ" ಅಂದುಬಿಟ್ಟೆ. "ಆಗ್ಲಿ, ಬತ್ತೀನಿ" ಅಂತ ಎದ್ದು ಹೋದರು.

ಮನುಷ್ಯ ನಿಜವಾಗಿಯೂ ಕಲಿಯತೊಡಗಿದರು. ಒಂದು ದಿನ ಸ್ಟೇಷನ್ನಿಗೆ ಯಾರನ್ನೋ ಕಳಿಸಲು ಹೋದವನು ನೋಡುತ್ತೇನೆ, ಮೈಸೂರಿನ ಗಾಡಿ ಬಂದು ನಿಂತಿದೆ, ಆಂಗ್ಲೋ ಇಂಡಿಯನ್ ಗಾರ್ಡಿನ ಕೈಗೆ ಮರುಳಪ್ಪನವರು ಕೆತ್ತಿದ ಎಳನೀರು ಕೊಡುತ್ತಿದ್ದಾರೆ. ಆತ ಕುಡಿಯುವಷ್ಟು ಹೊತ್ತು ಇವರು ಹೊಟ್ಟೆ ಮುಟ್ಟಿಕೊಂಡು, ಹಣೆ ಮುಟ್ಟಿಕೊಂಡು, ಕಣ್ಣು ಮುಚ್ಚಿ ಕತ್ತು ವಾಲಿಸಿ, ಒಂದೊಂದಕ್ಕೂ ಏನನ್ನುತ್ತಾರೆಂದು ಕೇಳುತ್ತಿದ್ದಾರೆ. ಗಾರ್ಡು ಹೇಳುತ್ತಾನೆ, ಇವರು ತುಟಿಯಲ್ಲೇ ಹೇಳಿಕೊಳ್ಳುತ್ತಾರೆ. ಸೀಟಿ ಊದಿ ಗಾಡಿ ಹೊರಟಿತು. ಇವರು ಪ್ಲಾಟ್‌ಫಾರಂ ಮೇಲೆ ಅತ್ತಿಂದಿತ್ತ ಹೆಜ್ಜೆ ಹಾಕುತ್ತಾ, "ಪೇನ್, ಫೀವರ್, ಡೆಡ್. ಪೇನ್, ಫೀವರ್, ಡೆಡ್" ಅನ್ನುತ್ತಿದ್ದರು. ಇಷ್ಟು ಕಾಲ ಬೆತ್ತ ಹಿಡಿದು ನಾನು ಹುಡುಕಿದ್ದು ಇಲ್ಲಿ ಎಳನೀರು ಹಿಡಿದು ನಿಂತಿದೆ. ಹೋಗಿ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದೆ.

ಆಮೇಲೆ ನಡೆದ ಪಾಠ ಯಾವ ರೀಡರಿನಲ್ಲೂ ಇಲ್ಲ. ಎಷ್ಟೋ ಮಾತು ನನಗೇ ಗೊತ್ತಿರಲಿಲ್ಲ, ಊರಿನ ಡಾಕ್ಟರ ಹತ್ತಿರ ಹೋಗಿ ನಾಚಿಕೆ ಬಿಟ್ಟು ಕೇಳಿಕೊಂಡು ಬರುತ್ತಿದ್ದೆ. ಡೈರೆಕ್ಟ್ ಮೆಥಡ್ ಅಲ್ಲವೇ, ಮಾಡಿ ತೋರಿಸಬೇಕು. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿ, ಹೊಟ್ಟೆ ಹಿಡಿದುಕೊಂಡು ಇಂಗ್ಲಿಷಿನಲ್ಲಿ ನರಳಿದೆ. ಅಡುಗೆಮನೆಯಿಂದ ನನ್ನ ಹೆಂಡತಿ, "ಅಯ್ಯೋ ದೇವರೇ, ಮೇಷ್ಟ್ರು ಹೆರ್ತಾ ಇದ್ದಾರೆ, ಯಾರಾದರೂ ಬಿಸಿನೀರು ತನ್ನಿ!" ಅಂದಳು. ಕಿಟಕಿಯಲ್ಲಿ ಇಣುಕಿದ ಹುಡುಗರು ಮರುದಿನ ಶಾಲೆಯಲ್ಲೆಲ್ಲ ಸಾರಿದರು. ಹೆಡ್‌ಮೇಷ್ಟ್ರು ಕರೆದು, "ಏನ್ರೀ ಇದು, ಇಲಾಖೆಗೆ ಮರ್ಯಾದೆ ಬೇಡವೇ?" ಅಂದರು. ಆದರೆ ಕೇಳಿ, ತರಗತಿಯ ಹುಡುಗರು ಆ ವಾರ ನೋವು, ನೆತ್ತರು, ಗಾಯ, ಜ್ವರದ ಇಂಗ್ಲಿಷನ್ನು ನನ್ನಿಂದ ಕಿತ್ತುಕೊಂಡು ಕಲಿತರು. ಹಸುವಿನ ಕೊಂಬು ಮಾತ್ರ ಅವರಿಗೂ ಬೇಡವಾಯಿತು.

ಮರುಳಪ್ಪನವರದು ಒಂದೇ ಹಟ. "ಕೆಟ್ಟ ಮಾತೆಲ್ಲ ಮೊದ್ಲು ಹೇಳ್ಕೊಡಿ. ಒಳ್ಳೆ ಮಾತು ಮೊಕ ನೋಡಿದ್ರೇ ಗೊತ್ತಾಯ್ತದೆ." ನಾನು ಡಾಕ್ಟರಮ್ಮನಾಗಿ ನಿಂತು, ನಿಮ್ಮ ಮಗಳು ಉಳಿಯುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಬೇಕು. ಅವರು ಅದನ್ನು ಕೇಳಿ, ಅರ್ಥಮಾಡಿಕೊಂಡು, ಯಾಕೆ ಅಂತ ಕೇಳಬೇಕು. ಮೊದಮೊದಲು ನನ್ನ ಬಾಯಿಂದ ಆ ಮಾತು ಹೊರಡಲೊಲ್ಲದು. ಅವರೇ ಗದರುತ್ತಿದ್ದರು: "ಹೇಳಿ ಮೇಷ್ಟ್ರೇ, ಅಲ್ಲಿ ಡಾಕ್ಟ್ರಮ್ಮ ನಿಮ್ಮಂಗೆ ಒದ್ದಾಡಾಕಿಲ್ಲ."

ದಿನ ಹತ್ತಿರ ಬರುವ ಮುಂಚೆಯೇ ಮಗಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವುದೆಂದಾಯಿತು. ಗಿರಿಜಮ್ಮನ ಅತ್ತೆ ನಂಜಮ್ಮ, ಅಕ್ಕೂರಿನವರು, ರೇಷ್ಮೆಹುಳು ಸಾಕುವ ಮನೆ, ಬಂದು ಕೂಗಾಡಿದರು. "ಎಂಡ್ತೀನ ಒಯ್ದು ಕಳ್ಕಂಡ್ರಿ, ಈಗ ನನ್ನ ಸೊಸೇನೂ ಅಲ್ಲೇ ಒಯ್ತೀರಾ?" ಮರುಳಪ್ಪನವರು ಗಾಡಿಗೆ ಹಾಸಿಗೆ ಏರಿಸಿದರು. ಶಾಲೆಗೆ ರಜೆಯಿದ್ದ ಕಾಲ, ನನ್ನನ್ನೂ ಕರೆದರು. ಕರಾರು ಒಂದೇ: ನಾನು ಬಾಯಿ ತೆರೆಯಬಾರದು. ಅವರು ಸೋತು ನನ್ನ ಕಡೆ ನೋಡಿದರೆ ಮಾತ್ರ.

ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದು ಕಾದೆವು. ನೋವು ಬಂದ ದಿನ ಬೆಳಗಿನಿಂದ ಮಧ್ಯಾಹ್ನದವರೆಗೂ ಗಿರಿಜಮ್ಮನ ಕೂಗು ವರಾಂಡಕ್ಕೆ ಕೇಳುತ್ತಿತ್ತು. ನಾನು ವರಾಂಡದ ಕಲ್ಲು ಸವೆಯುವ ಹಾಗೆ ಓಡಾಡಿದೆ. ಮರುಳಪ್ಪನವರು ಕಂಬಕ್ಕೆ ಒರಗಿ, ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಡಾಕ್ಟರಮ್ಮ ಅವಸರವಾಗಿ ಹೊರಗೆ ಬಂದರು. ಹಿಂದಿನವರಲ್ಲ, ಬೇರೆ ಯಾರೋ, ಇನ್ನೂ ಚಿಕ್ಕ ವಯಸ್ಸು. ಆಯಾ ಊಟಕ್ಕೆ ಹೋಗಿದ್ದಳು. ಆಕೆ ಅತ್ತಿತ್ತ ನೋಡುವಷ್ಟರಲ್ಲಿ ಮರುಳಪ್ಪನವರು ಮುಂದೆ ಬಂದು ಇಂಗ್ಲಿಷಿನಲ್ಲಿ, "ನನಗೆ ಹೇಳಿ, ನಾನು ತಂದೆ" ಅಂದರು. ಆಕೆ ಒಂದು ಕ್ಷಣ ಅವರ ವಿಭೂತಿಯನ್ನೇ ನೋಡಿ, ನಿಧಾನವಾಗಿ ಹೇಳಿದರು. ಮಗು ಅಡ್ಡವಾಗಿದೆ, ಹೊಟ್ಟೆ ಕುಯ್ಯಬೇಕು, ಈಗಲೇ. ತಾಯಿಯೂ ಹೋಗಬಹುದು, ಕುಯ್ಯದಿದ್ದರೆ ಇಬ್ಬರೂ ಹೋಗುತ್ತಾರೆ. ಮರುಳಪ್ಪನವರು ಪೂರ್ತಿ ಕೇಳಿಸಿಕೊಂಡರು. ನನ್ನ ಕಡೆ ನೋಡಲಿಲ್ಲ. "ಯೆಸ್. ಕಟ್. ನೌ" ಅಂದರು.

ಮಗಳು ಬದುಕಿದಳು. ಮೊಮ್ಮಗಳು ಹುಟ್ಟಿದಳು. ಮರುಳಪ್ಪನವರು ಆ ಸಂಜೆ ನನ್ನ ಎರಡೂ ಕೈ ಹಿಡಿದುಕೊಂಡು ಚಿಕ್ಕ ಮಕ್ಕಳ ಹಾಗೆ ಅತ್ತರು. ನಾನೂ ಅತ್ತೆ. ಇಡೀ ನೌಕರಿಯಲ್ಲಿ ನನಗೆ ಅಂಥ ಸಂತೋಷ ಇನ್ನೊಮ್ಮೆ ಆಗಲಿಲ್ಲ.

ಮರುದಿನ ಡಾಕ್ಟರಮ್ಮ ಮಂಚದ ಹತ್ತಿರ ನಮ್ಮನ್ನು ಕರೆದರು. ಗಿರಿಜಮ್ಮ ಎಚ್ಚರವಾಗಿ ಮಲಗಿದ್ದಳು, ಮೈಯಲ್ಲಿ ತ್ರಾಣವಿಲ್ಲ. ಡಾಕ್ಟರಮ್ಮ ಹೇಳಿದರು: ರಕ್ತ ನಿಲ್ಲಲಿಲ್ಲ, ಗರ್ಭಕೋಶವನ್ನೇ ತೆಗೆಯಬೇಕಾಯಿತು, ಜೀವ ಉಳಿಸಲು ಬೇರೆ ದಾರಿಯಿರಲಿಲ್ಲ. "ನೋ ಚೈಲ್ಡ್?" ಅಂದರು ಮರುಳಪ್ಪನವರು. "ನೆವರ್?" ಡಾಕ್ಟರಮ್ಮ ತಲೆಯಾಡಿಸಿದರು. ಮಗಳಿಗೆ ನೀವೇ ನಿಮ್ಮ ಮಾತಿನಲ್ಲಿ ಹೇಳುವುದು ಒಳ್ಳೆಯದು ಅಂದು ಗಿರಿಜಮ್ಮನ ಹಣೆ ಸವರಿ ಹೋದರು.

"ಏನಂದ್ರಪ್ಪ?" ಅಂದಳು ಗಿರಿಜಮ್ಮ.

"ಚೆನ್ನಾಗಿದ್ದೀಯಂತೆ ಕಣವ್ವ. ಮಲಕ್ಕೊ."

ಹೊರಗೆ ವರಾಂಡದಲ್ಲಿ ತಂತಿಯಿಂದ ಸುದ್ದಿ ತಿಳಿದು ಬಂದ ನಂಜಮ್ಮ, ಅಳಿಯ ನಿಂತಿದ್ದರು. ಬಾಗಿಲಿಂದ ಎಲ್ಲ ಕಾಣುತ್ತಿತ್ತು. ನಂಜಮ್ಮನಿಗೆ ಹೆಣ್ಣುಮಗು ಅಂತ ಮೊದಲೇ ಮುಖ ಚಿಕ್ಕದಾಗಿತ್ತು. "ಏನಂದ್ಲು ದೊರೆಸಾನಿ? ಬೀಗ್ರು ಮೊಕ ಯಾಕಿಂಗೆ ಬಾಡೋಗೈತೆ?" ಮರುಳಪ್ಪನವರು "ಏನಿಲ್ಲ, ಆರೈಕೆ ವಿಚಾರ" ಅಂದರು. ಆಕೆ ನಂಬಲಿಲ್ಲ, ನನ್ನ ಕಡೆ ತಿರುಗಿದರು. "ನೀವು ಹೇಳಿ ಮೇಷ್ಟ್ರೇ. ನಾಲ್ಕೂರಿಗೆ ಇಂಗ್ಲೀಸು ಕಲ್ಸೋರು ನೀವು. ಮುಂದ್ಕೆ ಗಂಡು ಆಯ್ತದೆ ಅಂದ್ಲಾ ಇಲ್ಲ ಅಂದ್ಲಾ?"

ಮರುಳಪ್ಪನವರು ಆಗ ನನ್ನ ಕಡೆ ನೋಡಿದರು. ಸೋತ ನೋಟವೇ. ಹೇಳಿದರೆ ಆ ವರ್ಷವೇ ಅಳಿಯನಿಗೆ ಇನ್ನೊಂದು ಹೆಣ್ಣು ಬರುತ್ತಾಳೆ, ಗಿರಿಜಮ್ಮ ಮೂಲೆ ಸೇರುತ್ತಾಳೆ. ಸುಳ್ಳು ಕಟ್ಟಿ ಹೇಳುವಷ್ಟು ಜಾಣತನ ನನಗಿರಲಿಲ್ಲ.

"ತಾಯಿ, ಡಾಕ್ಟರಮ್ಮನ ಇಂಗ್ಲಿಷು ನನಗೆ ಒಂದಕ್ಷರವೂ ಗೊತ್ತಾಗಲಿಲ್ಲ" ಅಂದೆ.

ನಂಜಮ್ಮ ನನ್ನನ್ನು ಪೇಟದಿಂದ ಜೋಡಿನವರೆಗೆ ನೋಡಿದರು. "ಇದಕ್ಕೆ ಸರ್ಕಾರ್ದೋರು ಸಂಬ್ಳ ಬೇರೆ ಕೊಡ್ತಾರೆ" ಅಂದರು.

ಆ ಮಾತು ನನಗಿಂತ ಮೊದಲೇ ಚನ್ನಪಟ್ಟಣ ತಲುಪಿತೋ ಏನೋ! ಬೊಂಬೆ ಕಡೆಯುವವರ ಬೀದಿಯಲ್ಲಿ ನಾನು ಹೋದರೆ ಕಡೆಯುವ ಕೈ ನಿಲ್ಲಿಸಿ ನಗುತ್ತಿದ್ದರು. ಮನೆಪಾಠಕ್ಕೆ ಬರುತ್ತಿದ್ದವರು ನಿಂತರು. ಹೆಡ್‌ಮೇಷ್ಟ್ರು, "ಕೋತಿ ಕುಣಿತ ಕಲಿತರೆ ಭಾಷೆ ಮರೆಯುತ್ತದೆ" ಅಂದರು. ಹಲ್ಲು ಕಚ್ಚಿಕೊಂಡು ಓಡಾಡಿದೆ. ಮರುಳಪ್ಪನವರು ಮಾತ್ರ ದಾರಿಯಲ್ಲಿ ಕಂಡರೆ ಅಂಗಡಿಯಿಂದ ಇಳಿದು ಬಂದು ಕೈಮುಗಿಯುತ್ತಿದ್ದರು. ಬೇಡವೆಂದರೂ ಕೇಳುತ್ತಿರಲಿಲ್ಲ. ಕೊನೆಗೆ ನಾನೇ ವರ್ಗ ಕೇಳಿಕೊಂಡು ಕ್ಲೋಸ್‌ಪೇಟೆಗೆ ಬಂದೆ. ಈಗಿನ ರಾಮನಗರ. ಅಲ್ಲಿರುವಾಗಲೇ ಮರುಳಪ್ಪನವರು ತೀರಿಕೊಂಡ ಸುದ್ದಿ ಬಂತು.

ಅದಾದ ಕೆಲವು ತಿಂಗಳಿಗೆ ನನ್ನ ಮನೆ ಮುಂದೆ ಜಟಕಾ ನಿಂತಿತು. ಗಿರಿಜಮ್ಮ ಇಳಿದಳು, ಜೊತೆಗೆ ಶಾಲೆಗೆ ಹೋಗುವ ವಯಸ್ಸಿನ ಮಗಳು. ಉಪವಾಸ ಮಾಡಿ ಮಾಡಿ ಸೊರಗಿದ ಹೆಂಗಸು. ಮಗಳನ್ನು ನನ್ನ ಹೆಂಡತಿಯ ಹತ್ತಿರ ಒಳಗೆ ಕಳಿಸಿ, ಜಗಲಿಯ ಕೆಳಮೆಟ್ಟಿಲ ಮೇಲೆ ಕೂತಳು.

"ನನಗೆ ಇಂಗ್ಲೀಸು ಹೇಳ್ಕೊಡ್ಬೇಕು ಮೇಷ್ಟ್ರೇ."

"ಯಾಕಮ್ಮ?"

"ಸೋಮವಾರ ಉಪಾಸ, ಅರಳಿಕಟ್ಟೆ ಸುತ್ತೋದು, ಅತ್ತೆ ಹೇಳಿದ್ದೆಲ್ಲ ಮಾಡ್ದೆ. ಒಂದು ಮಗ ಆಗ್ಲಿಲ್ಲ. ಮುಟ್ಟು ನಿಂತೋಗಿದ್ದಕ್ಕೆ ಸೂಲಗಿತ್ತಿ, ಒಟ್ಟೆ ಕುಯ್ದೋರಿಗೆ ಅಂಗೇ, ಸರಿಯಾಯ್ತದೆ ಅಂದ್ಲು. ಈಗ ನಮ್ಮೋರಿಗೆ ಇನ್ನೊಂದು ಎಣ್ಣು ನೋಡ್ತಾವ್ರೆ. ಅವತ್ತು ಡಾಕ್ಟ್ರಮ್ಮ ನನ್ನ ತಲೆ ಸವರಿದ್ರು, ಅಪ್ಪನ ಮೊಕ ಸುಟ್ಟೋದಂಗಾಯ್ತು. ನನಗೆ ಎಚ್ಚರ ಇತ್ತು ಮೇಷ್ಟ್ರೇ. ಅಪ್ಪನ್ನ ಎಷ್ಟು ಕೇಳಿದ್ರೂ ಏನಿಲ್ಲ ಕಣವ್ವ ಅಂದೇ ಓದ್ರು. ನಾನೇ ಓಗಿ ಡಾಕ್ಟ್ರಮ್ಮನ್ನ ಕೇಳ್ಬೇಕು."

ಓಡಾಡುತ್ತಿದ್ದ ನನ್ನ ಕಾಲು ನಿಂತುಬಿಟ್ಟಿತು. ಅವಳಿಗೆ ಗೊತ್ತೇ ಇರಲಿಲ್ಲ! ಮರುಳಪ್ಪನವರು ಮಗಳಿಗಾದರೂ ಹೇಳಿರುತ್ತಾರೆಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ಅವಳು ಎಂದಿಗೂ ಆಗದ ಮಗುವಿಗಾಗಿ ಅಷ್ಟೆಲ್ಲ ಸೋಮವಾರ ಹಸಿದಿದ್ದಳು. ಅವತ್ತು ನಾವು ಮುಚ್ಚಿಟ್ಟದ್ದು ತಪ್ಪು ಅಂತ ನಾನು ಈಗಲೂ ಹೇಳಲಾರೆ, ಸರಿ ಅಂತಲೂ ಹೇಳಲಾರೆ. ಇದೇ ನನ್ನನ್ನು ಕೂರಲು ಬಿಡುವುದಿಲ್ಲ.

ಮೇಷ್ಟ್ರ ಅಭ್ಯಾಸ, ಬೇರೇನೂ ತೋಚದೆ, "ಮೊದಲು ಯಾವ ಮಾತು ಕಲಿಯಬೇಕಮ್ಮ?" ಅಂದೆ.

"ನನ್ನ ಮೈ ವಿಚಾರ ನನಗೇ ಹೇಳಿ ಅನ್ನೋದಕ್ಕೆ ಏನಂತಾರೆ?"

ಹೇಳಿಕೊಟ್ಟೆ. ಅವಳು ತಲೆ ತಗ್ಗಿಸಿ ಹೇಳಿಕೊಂಡಳು, ತಪ್ಪಿದಳು, ತಿದ್ದಿದೆ, ಮತ್ತೆ ಹೇಳಿದಳು. ಆಮೇಲೆ ತಲೆಯೆತ್ತಿ, ನನ್ನ ಮುಖವನ್ನೇ ನೋಡುತ್ತಾ, ಒಂದು ತಪ್ಪೂ ಇಲ್ಲದೆ ಹೇಳಿದಳು. ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತೆ. ಡಾಕ್ಟರಮ್ಮ ಆಡಿದ ಮಾತನ್ನೆಲ್ಲ, ಒಂದನ್ನೂ ಬಿಡದೆ, ಕನ್ನಡದಲ್ಲಿ ಹೇಳಿದೆ.

ಬಹಳ ಹೊತ್ತು ಅತ್ತಳು. ಒಳಗಿನಿಂದ ಮಗು ಬಂದು ಬಾಗಿಲಲ್ಲಿ ನಿಂತಾಗ ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನು ಹೊರಡುತ್ತಾಳೆ ಅಂದುಕೊಂಡು ಜಟಕಾದವನನ್ನು ಕರೆಯಲು ಎದ್ದೆ.

"ಎಲ್ಲಿಗೆ ಓಯ್ತೀರಿ ಮೇಷ್ಟ್ರೇ? ಕುಂತ್ಕೊಳಿ" ಅಂದಳು. "ಪಾಠ ಮುಗಿದಿಲ್ಲ. ಮುಂದುಲ್ದು ಹೇಳಿ."

"ಗೊತ್ತಾಯಿತಲ್ಲಮ್ಮ, ಇನ್ನು ಯಾಕೆ?"

"ನೀವು ಹೇಳಿದ್ರಿ ಅಂತ ಗೊತ್ತಾಯ್ತು" ಅಂದಳು. "ಹೇಳ್ದೆ ಇದ್ದಿದ್ರೆ?"